ಅಳಿಲು ಮಾಡಿದ ದೀಪಾವಳಿ ಕಾರ್ಡು

ಹೆಗ್ಗಣದೊಡನೆ ಜಗಳವಾಡಿ ಮಾತು ಬಿಟ್ಟಿದ್ದ ಅಳಿಲು, ದೀಪಾವಳಿಗೆ ಅದಕ್ಕೊಂದು ಶುಭಾಶಯದ ಕಾರ್ಡು ಮಾಡಲು ಕುಳಿತಿತು. ಮುತ್ತುಗದ ಎಲೆಯ ಮೇಲೆ ಚೆಂಡುಹೂವಿನ ಎಸಳು ಅಂಟಿಸಿತು. ಸಾಲದೇನೋ ಎಂದು ಅಳುಕಿ ಗುಲಗಂಜಿ ಅಂಟಿಸಿತು, ಆಮೇಲೆ ಕಪ್ಪೆಚಿಪ್ಪು.

"ಹೊತ್ತಾಯಿತು, ಕೊಡಿ," ಎಂದಿತು ಕಾರ್ಡು ಒಯ್ಯಲು ಬಂದಿದ್ದ ಇರುವೆ.

"ಚೆನ್ನಾಗಿಲ್ಲದಿದ್ದರೆ ಅವನು ಹರಿದು ಹಾಕುತ್ತಾನೆ," ಎಂದು ಅಳಿಲು ಇನ್ನೊಂದು ಚಿಪ್ಪು ಮೆತ್ತಿತು.

ಇರುವೆ ಎತ್ತಲು ನೋಡಿತು; ಕಾರ್ಡು ಅಲುಗಲಿಲ್ಲ. "ಇದನ್ನು ನೀವೇ ಒಯ್ಯಬೇಕು," ಎಂದು ಹೊರಟುಹೋಯಿತು.

ಅಳಿಲು ಹೆಗ್ಗಣದ ಬಿಲದ ಬಾಗಿಲಲ್ಲಿ ನಿಂತು ಕಾರ್ಡು ಚಾಚಿತು. ಹೆಗ್ಗಣ ಅದನ್ನು ನೋಡದೆಯೇ ಪಕ್ಕಕ್ಕಿಟ್ಟಿತು.

"ಮೂರು ಹಬ್ಬದಿಂದ ನಿನ್ನ ದಾರಿ ನೋಡುತ್ತಿದ್ದೇನೆ," ಎಂದಿತು. "ಒಳಗೆ ಬಾ, ಊಟ ಮಾಡೋಣ."