ದುಗ್ಗವ್ವನಿಗೆ ಎರೆದ ಘಂಟೆ

ದುಗ್ಗವ್ವನ ಜಾಗಟೆ ಒಡೆಯಿತು.

ಅಂದು ಅಳಿವೆಯ ಮೇಲೆ ಮಂಜು ಕವಿದಿತ್ತು. ದಡ ಕಾಣದ ದೋಣಿಗಳು ಬಂಡೆಯತ್ತ ತಿರುಗಿದ್ದವು. ದಡದಲ್ಲಿ ನಿಂತು ದುಗ್ಗವ್ವ ಬಾರಿಸಿದಳು, ಬಾರಿಸಿದಳು, ಬಾರಿಸಿದಳು. ಸದ್ದು ಹಿಡಿದು ಕೊನೆಯ ದೋಣಿಯೂ ದಡ ಮುಟ್ಟಿತು. ಜಾಗಟೆ ಎರಡು ಹೋಳಾಯಿತು.

ಊರವರು ಅವಳ ಕಾಲಿಗೆ ಬಿದ್ದರು. "ನಮ್ಮ ಮಕ್ಕಳನ್ನು ಉಳಿಸಿಕೊಟ್ಟೆ, ತಾಯಿ. ನಿನಗೊಂದು ಕಂಚಿನ ಘಂಟೆ ಎರೆಸಿಕೊಡುತ್ತೇವೆ."

"ಬೇಗ ಎರೆಸಿ. ಮಂಜು ನಿಮಗಾಗಿ ಕಾಯುವುದಿಲ್ಲ" ಎಂದಳು ದುಗ್ಗವ್ವ. ಹಾಗೆಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕಂಚುಗಾರ ಬೈರೋಜ ಕುಲುಮೆ ಹೂಡಿದ. ದೋಣಿಯ ಸುಕ್ರ ತಾಮ್ರದ ಹಂಡೆ ತಂದ. ಅವನ ಹೆಂಡತಿ ನಾಗು ಸಾರು ಕಾಸುವ ತವರದ ಚೊಂಬು ತಂದಳು. ಸಾಹುಕಾರ ಮಾಬಲಯ್ಯ ಎಲ್ಲರದಕ್ಕಿಂತ ದೊಡ್ಡ ಗಟ್ಟಿಯನ್ನು ಆಳುಗಳ ಮೇಲೆ ಹೊರಿಸಿ ತಂದ.

"ಅಪ್ಪಟ ತಾಮ್ರ! ಘಂಟೆಯ ಮೇಲೆ ನನ್ನ ಹೆಸರು ಕೊರೆಯಿರಿ."

ದುಗ್ಗವ್ವ ಗಟ್ಟಿಯನ್ನು ಸವರಿದಳು. ಅಂಗೈ ಕಪ್ಪಾಯಿತು. ಬಲೆಗೆ ಸೀಸದ ಗುಂಡು ಕಟ್ಟಿ ನುರಿತ ಕೈ ಅದು. ಒಳಗೆ ಸೀಸವಿದೆಯೆಂದು ಅವಳಿಗೆ ತಿಳಿಯಿತು. ಸೀಸ ಸೇರಿದರೆ ಘಂಟೆಯ ದನಿ ಮಂಕಾಗುತ್ತದೆ, ದೋಣಿಗಳು ಬಂಡೆಗೆ ಬಡಿಯುತ್ತವೆ. ಆದರೆ ಸುಮ್ಮನೆ ಹೇಳಿದರೆ ಸಾಹುಕಾರ ಒಪ್ಪುತ್ತಾನೆಯೆ?

"ಧಣಿ, ಎಲ್ಲರದ್ದೂ ಒಂದಾದ ಮೇಲೆ ನಿಮ್ಮದು ಯಾವುದು ಅಂತ ಹೇಗೆ ತಿಳಿಯೋದು?"

"ನಾನು ಕೊಟ್ಟದ್ದೇ ಹೆಚ್ಚು. ನನ್ನದು ಬೇರೆಯಾಗಿಯೇ ಕಾಣುತ್ತೆ!"

"ಹಾಗಾದರೆ ಯಾರದ್ದು ಬೇರೆಯಾಗಿ ಕಾಣುತ್ತೋ ಅದರ ಮೇಲೆ ಅವರ ಹೆಸರು. ಒಪ್ಪಿಗೆಯಾ?"

"ಒಪ್ಪಿಗೆ!" ಸಾಹುಕಾರ ಎಲ್ಲರೆದುರು ಎದೆ ತಟ್ಟಿಕೊಂಡ.

"ಬೈರೋಜಪ್ಪ, ತಾಮ್ರ ಅಂತ ಬಂದದ್ದನ್ನೆಲ್ಲ ಮೊದಲು ಸಣ್ಣ ಉರಿಯಲ್ಲಿ ಕಾಯಿಸು" ಎಂದಳು ದುಗ್ಗವ್ವ.

ಸುಕ್ರನ ಹಂಡೆ ಕಾದು ಕೆಂಪಾಯಿತು, ಅಷ್ಟೆ. ಸಾಹುಕಾರನ ಗಟ್ಟಿ ಬೆವರಿತು. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಧಾರೆಯಾಗಿ ಇಳಿದು, ಬೂದಿಯಲ್ಲಿ ನಿಂತು ಗಟ್ಟಿಯಾಯಿತು.

"ಸೀಸ" ಎಂದ ಬೈರೋಜ. "ಜೋರು ಉರಿಯಲ್ಲಿ ತಾಮ್ರದ ಜೊತೆ ಬೆರೆತ ಹಾಗಿರುತ್ತೆ. ಆರಿತೋ, ಒಂದೇ ಮನೆಯಲ್ಲಿ ಎರಡು ಒಲೆ."

ಸಾಹುಕಾರ ತಲೆ ತಗ್ಗಿಸಿದ.

"ಉಳಿದ ತಾಮ್ರಕ್ಕೆ ಕೈ ಮುಗಿಯುತ್ತೇನೆ, ಧಣಿ" ಎಂದು ದುಗ್ಗವ್ವ ಅದನ್ನೂ ಮೂಸೆಗೆ ಹಾಕಿಸಿದಳು.

ತಾಮ್ರ ಕರಗಿತು. ತವರ ಅದರೊಳಗೆ ಹೋಯಿತು.

ನಾಗು ಮೂಸೆಯೊಳಗೆ ಇಣುಕಿದಳು. "ನನ್ನ ಚೊಂಬೆಲ್ಲಿ, ಅಣ್ಣಾ?"

"ಹುಡುಕಬೇಡ ತಂಗಿ. ಎಲ್ಲೆಲ್ಲೂ ಅದೇ" ಎಂದ ಬೈರೋಜ.

"ಇನ್ನೊಂದು ತರಲಾ?"

"ಬೇಡ. ತಾಮ್ರ ಹಿಡಿಸಿಕೊಳ್ಳುವಷ್ಟೇ ಸಾಕು. ಹೆಚ್ಚಾದರೆ ಘಂಟೆ ಪೆಟ್ಟು ತಾಳದು."

ಘಂಟೆ ಹುಟ್ಟಿತು. ಬಾರಿಸಿದರೆ ಅಳಿವೆಯ ಆಚೆ ದಡಕ್ಕೂ ಕೇಳಿತು. ಅದರಲ್ಲಿ ಯಾರದ್ದೂ ಬೇರೆಯಾಗಿ ಕಾಣಲಿಲ್ಲ, ಯಾರ ಹೆಸರೂ ಬೀಳಲಿಲ್ಲ.

ಬೂದಿಯಲ್ಲಿ ಉಳಿದ ಸೀಸದ ಮೇಲೆ ಸಾಹುಕಾರನ ಹೆಸರು ಕೊರೆಸಿ ದುಗ್ಗವ್ವ ಅವನ ಮುಂದಿಟ್ಟಳು.

"ಹೊರಲು ಆಳು ಬೇಕೇ ಧಣಿ?" ಎಂದ ಸುಕ್ರ. ಊರು ನಕ್ಕಿತು.

ದುಗ್ಗವ್ವ ನಗಲಿಲ್ಲ. "ಮನಸಾರೆ ಕೊಟ್ಟದ್ದು ಕರಗಿ ಒಂದಾಗುತ್ತೆ. ಹೆಸರಿಗೆ ಕೊಟ್ಟದ್ದು ಬೇರೆ ನಿಲ್ಲುತ್ತೆ. ಅಷ್ಟೇ" ಎಂದಳು.

ಆ ಮಾಗಿಯಲ್ಲಿ ಒಂದು ದೋಣಿಯೂ ಬಂಡೆಗೆ ಬಡಿಯಲಿಲ್ಲ, ಸಾಹುಕಾರನದ್ದೂ ಸೇರಿ.