ಸೂಜವ್ವನ ಹಿಂದಿನ ಕೋಣೆ

ಏಳು ಗುಡ್ಡಗಳ ನಡುವೆ ಹೊಳೆ ಹರಿಯುವ ಒಂದು ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ಅವಳಿಗೆ ವಯಸ್ಸಾಗಿತ್ತು. ಗಂಡ ತೀರಿಕೊಂಡು ಮೂರು ವರ್ಷ ಕಳೆದಿತ್ತು. ದೊಡ್ಡ ಬಂಡೆಯೊಂದರ ಬುಡದಲ್ಲಿ ಅವಳ ಬಿಲ. ಬಿಲದೊಳಗೆ ಎರಡು ಕೋಣೆ. ಮುಂದಿನದರಲ್ಲಿ ಅವಳು ಮಲಗುತ್ತಿದ್ದಳು. ಹಿಂದಿನದು ಗಂಡ ತೋಡಿದ್ದು. ಅದರಲ್ಲಿ ಗೆಡ್ಡೆಗೆಣಸು ಕೂಡಿಟ್ಟಿದ್ದಳು. ಸೂಜವ್ವ ಧೈರ್ಯವಂತೆ ಎಂದು ಆ ಕಾಡಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಗುಡುಗಿದರೆ ಸಾಕು, ತಿನ್ನುತ್ತಿದ್ದ ಗೆಣಸನ್ನು ಅಲ್ಲೇ ಬಿಟ್ಟು ಬಿಲ ಸೇರುತ್ತಿದ್ದಳು.

ಒಂದು ವರ್ಷ ಭಾರಿ ಬಿರುಗಾಳಿ ಬೀಸಿತು. ನೂರಾರು ಮರಗಳು ಬುಡಸಮೇತ ಉರುಳಿದವು. ಕಾಡಿನವರೆಲ್ಲ ಕಂಗೆಟ್ಟಿದ್ದಾಗ ಉತ್ತರದ ಗುಡ್ಡಗಳಿಂದ ತೋಳಗಳ ಹಿಂಡು ಇಳಿದು ಬಂತು. "ಇನ್ನು ಮೇಲೆ ಈ ಕಾಡನ್ನು ನಾವು ಕಾಯುತ್ತೇವೆ" ಎಂದಿತು ಮುಖಂಡ ತೋಳ. "ಮರ ಬಿದ್ದದ್ದು ಗಾಳಿಯಿಂದಲ್ಲ. ಚಿಪ್ಪುಹಂದಿಗಳು ನೆಲದೊಳಗೆ ಬೇರು ಕಡಿದಿವೆ. ಅದಕ್ಕೇ ಬಿದ್ದವು."

ಚಿಪ್ಪುಹಂದಿ ತಿನ್ನುವುದು ಇರುವೆ, ಗೆದ್ದಲು. ಅದು ಹುತ್ತ ಕೆದರುತ್ತದೆಯೇ ಹೊರತು ಬೇರು ಕಡಿಯುವುದಿಲ್ಲ. ಆ ಕಾಡಿನಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಇದು ಗೊತ್ತಿತ್ತು. ಆದರೆ ತೋಳಗಳ ಹಲ್ಲು ನೋಡಿ ಯಾರೂ ಬಾಯಿ ಬಿಡಲಿಲ್ಲ.

ಮೊದಲು, ಚಿಪ್ಪುಹಂದಿಗಳು ಉಳಿದವರ ಜೊತೆ ಹೊಳೆಗೆ ಬರಬಾರದು ಎಂದಾಯಿತು. ಆಮೇಲೆ, ಅವು ಕಲ್ಲುಕೊರಕಲಿನಲ್ಲೇ ಇರಬೇಕು ಎಂದಾಯಿತು. ಕೊನೆಗೆ, "ಹೊಳೆಯಾಚೆ ನಿಮಗೆ ಬೇರೆ ಕಾಡು ಕೊಡುತ್ತೇವೆ" ಎಂದು ತೋಳಗಳು ಅವುಗಳನ್ನು ಹತ್ತು ಹತ್ತಾಗಿ ಕರೆದೊಯ್ಯತೊಡಗಿದವು. ಹೋದವರು ತಿರುಗಿ ಬರಲಿಲ್ಲ. ಕೆಲವು ದಿನಗಳಲ್ಲಿ ಹೊಳೆಯ ದಡಕ್ಕೆ ಚಿಪ್ಪುಗಳು ಬಂದು ಬೀಳತೊಡಗಿದವು. ನೀರಿಗೆ ಬಂದ ಜಿಂಕೆ, ಕಾಡುಹಂದಿ, ಮೊಲ ಎಲ್ಲರೂ ನೋಡಿದರು. ಸೂಜವ್ವನೂ ನೋಡಿದಳು. ಎಲ್ಲರೂ ನೀರು ಕುಡಿದರು. ಮನೆಗೆ ಹೋದರು.

ಮರುದಿನ ಮುಖಂಡ ತೋಳ ಹೊಳೆದಡದ ಬಂಡೆಯ ಮೇಲೆ ನಿಂತು ಸಾರಿತು: "ಚಿಪ್ಪುಹಂದಿಯನ್ನು ಯಾರು ಬಚ್ಚಿಡುತ್ತಾರೋ, ಅವರನ್ನೂ ಹೊಳೆ ದಾಟಿಸುತ್ತೇವೆ."

ಅದೇ ದಿನ ಸಂಜೆ ಪದರಿ ಎಂಬ ಚಿಪ್ಪುಹಂದಿ ಸೂಜವ್ವನ ಬಿಲದ ಬಾಯಿಗೆ ಬಂದಳು. ಅವಳ ಬಾಲದ ಬುಡದಲ್ಲಿ ಪುಟ್ಟ ಮರಿ ಕವುಚಿ ಮಲಗಿ ನಿದ್ದೆ ಹೋಗಿತ್ತು.

"ಸೂಜವ್ವ, ನನ್ನ ಗಂಡನನ್ನ ಮೊನ್ನೆ ಕರ್ಕೊಂಡು ಹೋದರು" ಎಂದಳು ಪದರಿ. "ನನ್ನನ್ನ ಇಟ್ಕೊಳ್ಳಿ ಅನ್ನಲ್ಲ. ಇವಳನ್ನ ಇಟ್ಕೊಳ್ಳಿ. ಹೆಸರು ಉಂಡೆ. ಅಳೋದಿಲ್ಲ."

ಸೂಜವ್ವನ ಮೈಮುಳ್ಳೆಲ್ಲ ಭಯದಿಂದ ಗಿಲಗಿಲ ಎಂದವು.

"ನಾನೊಬ್ಬಳೇ ಇರೋ ಮುದುಕಿ ಕಣಮ್ಮ. ನನ್ನ ಕೈಲಿ ಏನಾಗುತ್ತೆ? ಬೇರೆ ಕಡೆ ನೋಡು, ಹೋಗು."

ಪದರಿ ವಾದ ಮಾಡಲಿಲ್ಲ. ಅಳಲೂ ಇಲ್ಲ. ಸುಮ್ಮನೆ ತಿರುಗಿ ಹೊರಟಳು. ಮರಿ ಬಾಲದ ಮೇಲೆ ಅಲ್ಲಾಡುತ್ತ ನಿದ್ದೆಯಲ್ಲೇ ಇತ್ತು.

"ಎಲ್ಲಿಗೆ ಹೋಗ್ತೀಯ?" ಎಂದು ಕೇಳಿದಳು ಸೂಜವ್ವ.

"ಗೊತ್ತಿಲ್ಲ" ಎಂದಳು ಪದರಿ.

ಅವಳು ಬೇರೆ ಏನಾದರೂ ಹೇಳಿದ್ದರೆ ಸೂಜವ್ವ ಒಳಗೆ ಹೋಗಿಬಿಡುತ್ತಿದ್ದಳೋ ಏನೋ. ಆ ಒಂದು ಮಾತು ಕೇಳಿ ಅವಳಿಗೆ ಕಾಲು ಎತ್ತಿಡಲು ಆಗಲಿಲ್ಲ.

"ಇಬ್ಬರೂ ಒಳಗೆ ಬನ್ನಿ. ಬೆಳಗಾಗೋವರೆಗೆ ಮಾತ್ರ."

ಬೆಳಗಾಯಿತು. ತೋಳಗಳು ದಾರಿಯಲ್ಲಿ ತಿರುಗುತ್ತಿದ್ದವು. "ಇವತ್ತೊಂದು ದಿನ ಇರು" ಎಂದಳು ಸೂಜವ್ವ. ಮಾರನೆಯ ದಿನವೂ ಅದನ್ನೇ ಹೇಳಿದಳು. ಆಮೇಲೆ ಹೇಳುವುದನ್ನು ಬಿಟ್ಟಳು. ಹಿಂದಿನ ಕೋಣೆಯ ಗೆಣಸನ್ನೆಲ್ಲ ಮುಂದಕ್ಕೆ ತಂದು ರಾಶಿ ಹಾಕಿದಳು. ಚಿಪ್ಪುಹಂದಿಯ ವಾಸನೆ ಹೊರಗೆ ಹೋಗದಂತೆ ದಿನವೂ ಬಿಲದ ಬಾಯಲ್ಲಿ ಕಾಡು ಈರುಳ್ಳಿ ಜಜ್ಜಿ ಹರಡಿದಳು. ಕಣ್ಣುರಿದು ನೀರು ಸುರಿಯುತ್ತಿತ್ತು.

ಊಟದ್ದೇ ದೊಡ್ಡ ಕಷ್ಟವಾಯಿತು. ಗೆಣಸು ಕೊಟ್ಟರೆ ಪದರಿಗೆ ಜಗಿಯಲು ಹಲ್ಲಿಲ್ಲ. ಅವಳು ತಿನ್ನದಿದ್ದರೆ ಮರಿಗೆ ಹಾಲಿಲ್ಲ. ಸೂಜವ್ವ ನಸುಕಿನಲ್ಲೇ ಹೋಗಿ ಹುತ್ತದ ಹೆಂಟೆಗಳನ್ನು ಮುರಿದು ಬಾಯಲ್ಲಿ ಕಚ್ಚಿ ತಂದಳು. ಗೆದ್ದಲು ಅವಳ ನಾಲಿಗೆ, ತುಟಿ ಕಚ್ಚಿ ಊದಿಸಿದವು.

ಪಕ್ಕದ ಪೊದೆಯಲ್ಲಿ ಹುಲ್ಲಪ್ಪ ಎಂಬ ಮೊಲ ಇದ್ದ. ಒಂದು ದಿನ ಅವನು ಅವಳ ದಾರಿಗೆ ಅಡ್ಡ ಬಂದ. ಬಾಯಲ್ಲಿದ್ದ ಹೆಂಟೆಯನ್ನು ನೋಡಿದ.

"ನಿಮ್ಮ ಮನೆಯಲ್ಲಿ ಗೆದ್ದಲು ತಿನ್ನೋರು ಯಾರೂ ಇಲ್ವಲ್ಲ ಸೂಜವ್ವ" ಎಂದ ಮೆಲ್ಲಗೆ.

ಸೂಜವ್ವ ಹೆಂಟೆಯನ್ನು ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಳು. ಬಾಯಿ ತುಂಬ ಮಣ್ಣಿತ್ತು.

"ನನಗೆ ಏಳು ಮಕ್ಕಳಿವೆ" ಎಂದ ಹುಲ್ಲಪ್ಪ. "ಅವುಗಳ ಮೇಲೆ ಏನಾದರೂ ಬಂದರೆ ನಾನು ಏನು ಮಾಡಲಿ? ನಾನು ಏನೂ ನೋಡಿಲ್ಲ ಸೂಜವ್ವ. ನನಗೆ ಏನೂ ಹೇಳಬೇಡಿ."

ಆ ದಿನವೆಲ್ಲ ಸೂಜವ್ವ ಬಿಲದ ಬಾಯಲ್ಲೇ ಕಾದು ಕೂತಳು. ಹುಲ್ಲಪ್ಪ ತೋಳಗಳ ಬಳಿ ಹೋಗಿಯೇ ಹೋಗುತ್ತಾನೆ ಎಂದುಕೊಂಡಳು. ಮರುದಿನ ನಸುಕಿನಲ್ಲಿ ಹೊರಗೆ ಇಣುಕಿದಾಗ ಬಿಲದ ಬಾಯಲ್ಲಿ ಹುತ್ತದ ಹೆಂಟೆಯೊಂದು ಬಿದ್ದಿತ್ತು. ತಾಜಾ ಇತ್ತು, ಗೆದ್ದಲು ಗಿಜಿಗುಟ್ಟುತ್ತಿದ್ದವು. ಸುತ್ತ ಮೊಲದ ಹೆಜ್ಜೆಗಳಿದ್ದವು. ಅವಳು ಹೆಜ್ಜೆಗಳನ್ನು ಅಳಿಸಿ ಹೆಂಟೆಯನ್ನು ಒಳಗೆ ಒಯ್ದಳು. ಅಂದಿನಿಂದ ದಿನವೂ ಒಂದು ಹೆಂಟೆ ಬರುತ್ತಿತ್ತು. ಮರಿಯೂ ಮೆಲ್ಲಗೆ ಗೆದ್ದಲು ನೆಕ್ಕಲು ಕಲಿಯಿತು. ಹುಲ್ಲಪ್ಪ ಎದುರಾದರೆ ಮಾತ್ರ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ತೋಳಗಳ ಜೊತೆ ಉತ್ತರದಿಂದ ಒಂದು ನರಿಯೂ ಬಂದಿತ್ತು. ಅವನ ಹೆಸರು ಹೊಂಚ. ಬಚ್ಚಿಟ್ಟುಕೊಂಡವರನ್ನು ಮೂಸಿ ಹುಡುಕಿ ತೋಳಗಳಿಗೆ ತೋರಿಸುವುದು ಅವನ ಕೆಲಸ. ತೋರಿಸಿದ ಪ್ರತಿ ಬೇಟೆಯಲ್ಲೂ ಅವನಿಗೊಂದು ಪಾಲು. ಮೈ ಮಿರಿಮಿರಿ ಮಿಂಚುವಷ್ಟು ಕೊಬ್ಬಿದ್ದ. ಒಂದು ಸಂಜೆ ಅವನು ಬಂಡೆಯ ಬಳಿ ಬಂದು ಕೂತ. ಸೂಜವ್ವ ಹೊರಗೆ ಬಂದಳು. ಅವಳ ಮೈಯನ್ನು ಅವನು ಎರಡು ಸಲ ಮೂಸಿದ.

"ಅಜ್ಜಿ, ಹೆದರಬೇಡ" ಎಂದ ಹೊಂಚ. ಅವನ ಕಣ್ಣಲ್ಲಿ ನೀರಾಡಿತು. "ತೋಳಗಳ ಜೊತೆ ಇದ್ದೀನಿ ನಿಜ. ಆದರೆ ನನಗೂ ಹೃದಯ ಇದೆ. ಒಂದು ಚಿಪ್ಪುಹಂದಿ ಸಂಸಾರವನ್ನ ನಾನೇ ತಿಂಗಳಿಂದ ಬಚ್ಚಿಟ್ಟು ಸಾಕ್ತಿದ್ದೀನಿ. ನಾಳೆ ಅವರನ್ನ ಜೌಗಿನ ಆಚೆಗೆ ದಾಟಿಸ್ತೀನಿ. ಅಲ್ಲಿಗೆ ತೋಳ ಬರಲ್ಲ. ನಿನಗೆ ಗೊತ್ತಿರೋರು ಯಾರಾದರೂ ಇದ್ದರೆ ಹೇಳು, ಅವರನ್ನೂ ಕರ್ಕೊಂಡು ಹೋಗ್ತೀನಿ."

ಸೂಜವ್ವ ಬಹಳ ದಣಿದಿದ್ದಳು. ಈ ಭಾರವನ್ನು ಯಾರಾದರೂ ಇಳಿಸಿಕೊಂಡರೆ ಸಾಕೆಂದು ಎಷ್ಟೋ ದಿನದಿಂದ ಅನಿಸುತ್ತಿತ್ತು. ಅವನ ಮಾತನ್ನು ನಂಬಬೇಕೆಂದು ಅವಳಿಗೆ ಆಸೆಯಾಯಿತು. ಹೇಳಿಬಿಡಲು ಬಾಯಿಯನ್ನೂ ತೆರೆದಳು. ಆಗ ಅವಳ ಊದಿದ ನಾಲಿಗೆ ಚುರುಕ್ ಎಂದಿತು.

"ತಿಂಗಳಿಂದ ಸಾಕ್ತಿದ್ದೀಯ? ಪಾಪ. ಊಟಕ್ಕೆ ಏನು ಕೊಡ್ತೀಯ ಅವರಿಗೆ?" ಎಂದು ಕೇಳಿದಳು.

"ಇನ್ನೇನು ಅಜ್ಜಿ, ಮರದ ಬೇರು. ಅವು ತಿನ್ನೋದೇ ಅದು ತಾನೇ?"

ತೋಳಗಳು ಹೇಳಿದ ಸುಳ್ಳಿನ ಹೊರತು ಚಿಪ್ಪುಹಂದಿಗಳ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಸೂಜವ್ವ ಒಂದು ಹೆಜ್ಜೆ ಹಿಂದೆ ಸರಿದಳು.

"ನನಗೆ ಅಂಥವರು ಯಾರೂ ಗೊತ್ತಿಲ್ಲಪ್ಪ" ಎಂದು ಒಳಗೆ ಹೋದಳು.

ಹಿಂದಿನ ಕೋಣೆಯಲ್ಲಿ ಪದರಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅವನು ಮತ್ತೆ ಬರ್ತಾನೆ" ಎಂದಳು.

"ಬರಲಿ" ಎಂದಳು ಸೂಜವ್ವ.

ಮರುದಿನ ನಸುಕಿನಲ್ಲಿ ಸೂಜವ್ವ ಎದ್ದಾಗ ಮರಿ ಮಾತ್ರ ಇತ್ತು. ಪದರಿ ಸದ್ದಿಲ್ಲದೆ ಎದ್ದು ಹೊರಟು, ಈ ಬಂಡೆಯಿಂದ ಬಹಳ ದೂರ, ಜೌಗಿನ ಕಡೆಗೆ ಹೋಗಿದ್ದಳು. ಅಲ್ಲಿ ಒಂದು ಹಳೆಯ ಗುಂಡಿಯಲ್ಲಿ ಹೊರಳಾಡಿ, ತಾನು ಇಷ್ಟು ದಿನ ಅಲ್ಲೇ ಇದ್ದೆನೆಂದು ಕಾಣುವಂತೆ ಮಾಡಿ, ಹಾಡಹಗಲಲ್ಲಿ ಬಯಲಿಗೆ ಬಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ತೋಳಗಳು ಅವಳನ್ನು ಹಿಡಿದು ಹೊಳೆಯ ದಡಕ್ಕೆ ತಂದವು. ನೀರಿಗೆ ಬಂದವರೆಲ್ಲ ಅಲ್ಲಿದ್ದರು. ಸೂಜವ್ವನೂ ಇದ್ದಳು.

"ನಿನ್ನ ಮರಿ ಎಲ್ಲಿ?" ಎಂದು ಕೇಳಿತು ಮುಖಂಡ ತೋಳ.

ಪದರಿ ಯಾರ ಕಡೆಗೂ ನೋಡಲಿಲ್ಲ. ಮೈಯನ್ನು ಸುತ್ತಿಕೊಂಡು ಚಿಪ್ಪಿನ ಚೆಂಡಾದಳು. ತೋಳಗಳು ಕಚ್ಚಿದವು, ಉರುಳಿಸಿದವು, ಮತ್ತೆ ಮತ್ತೆ ಕೇಳಿದವು. ಅವಳು ಬಿಚ್ಚಿಕೊಳ್ಳಲಿಲ್ಲ. ಒಂದು ಮಾತೂ ಆಡಲಿಲ್ಲ. ಹಾಗೇ ಉರುಳಿಸಿಕೊಂಡು ಹೊಳೆ ದಾಟಿಸಿದವು.

ಸೂಜವ್ವ ತಲೆ ತಗ್ಗಿಸಿ ನೀರು ಕುಡಿಯುತ್ತಲೇ ಇದ್ದಳು. ತಲೆ ಎತ್ತಿದರೆ ತನ್ನ ಮುಖ ಎಲ್ಲವನ್ನೂ ಹೇಳಿಬಿಡುತ್ತದೆಂದು ಅವಳಿಗೆ ಗೊತ್ತಿತ್ತು. ಬಿಲಕ್ಕೆ ಬಂದಾಗ ಉಂಡೆ, "ಅಮ್ಮ ಎಲ್ಲಿ?" ಎಂದು ಕೇಳಿತು. "ದೂರ ಹೋಗಿದ್ದಾಳೆ" ಎಂದಳು. ಬೇರೆ ಮಾತು ಅವಳಿಗೆ ಸಿಗಲಿಲ್ಲ.

ಗುಂಡಿ ನೋಡಿ ಎಲ್ಲರೂ ಮೋಸ ಹೋದರು, ಹೊಂಚ ಹೋಗಲಿಲ್ಲ. ಮರುದಿನ ಬಿಸಿಲು ನೆತ್ತಿಗೇರಿದಾಗ ಅವನು ತೋಳಗಳನ್ನು ಬಂಡೆಯ ಬಳಿಗೆ ಕರೆತಂದ. ಮುಖಂಡ ಬಿಲಕ್ಕೆ ಮೂಗಿಟ್ಟು ಕಾಡು ಈರುಳ್ಳಿಯ ಘಾಟಿಗೆ ಸೀನಿ ಹಿಂದೆ ಸರಿಯಿತು. ಬಿಲದ ದಾರಿ ತೋಳದ ಮೈಗೆ ಕಿರಿದಾಗಿತ್ತು. ಪೊದೆಯಲ್ಲಿ ಮುದುಡಿ ಕೂತಿದ್ದ ಹುಲ್ಲಪ್ಪನನ್ನು ತೋಳಗಳು ಎಳೆದು ತಂದವು.

"ಒಳಗೆ ಯಾರಿದ್ದಾರೆ?"

ಹುಲ್ಲಪ್ಪನ ಏಳು ಮಕ್ಕಳು ಹತ್ತು ಹೆಜ್ಜೆ ದೂರದ ಹುಲ್ಲಿನಲ್ಲಿದ್ದವು.

"ಒಬ್ಬ ಮುದುಕಿ ಸ್ವಾಮಿ" ಎಂದ. "ದಿನವಿಡೀ ಗೆಣಸು ಕಡಿಯೋ ಸದ್ದು ಕೇಳುತ್ತೆ. ಬೇರೆ ಯಾರನ್ನೂ ನಾನು ಕಂಡಿಲ್ಲ."

"ಸುಳ್ಳು" ಎಂದ ಹೊಂಚ.

"ಹಾಗಾದರೆ ನೀನೇ ಒಳಗೆ ಹೋಗಿ ತಾ" ಎಂದಿತು ಮುಖಂಡ ತೋಳ.

ಹೊಂಚ ತೆವಳಿಕೊಂಡು ಒಳಗೆ ನುಗ್ಗಿದ. ಗೆಣಸಿನ ರಾಶಿ ದಾಟಿದ. ಮುಂದೆ ಕಗ್ಗತ್ತಲು. ಹಿಂದಿನ ಕೋಣೆಯ ಬಾಗಿಲಲ್ಲಿ ಸೂಜವ್ವ ಅವನಿಗೆ ಬೆನ್ನು ಮಾಡಿ ನಿಂತಿದ್ದಳು. ಮುಳ್ಳುಗಳನ್ನೆಲ್ಲ ನಿಮಿರಿಸಿದಾಗ ದಾರಿ ಪೂರ್ತಿ ಮುಚ್ಚಿಹೋಯಿತು. ಅವಳ ಮುಖದ ಮುಂದೆ ಉಂಡೆ ತಾಯಿಯ ಹಾಗೇ ಸುತ್ತಿಕೊಂಡು ಕೂತಿತ್ತು.

"ಮರಿಯನ್ನ ಈ ಕಡೆ ತಳ್ಳು ಅಜ್ಜಿ" ಎಂದು ಹೊಂಚ ಪಿಸುಗುಟ್ಟಿದ. "ನಿನ್ನ ಹೆಸರು ನಾನು ಎತ್ತಲ್ಲ. ನಿನ್ನದಲ್ಲದ ಮರಿಗೆ ನೀನ್ಯಾಕೆ ಸಾಯ್ತೀಯ?"

ಸೂಜವ್ವನಿಗೆ ಸಾಯುವ ಭಯವಿತ್ತು. ಆದರೂ ಅವಳು ಮಾತಾಡದೆ ಇದ್ದ ಬಲವೆಲ್ಲ ಹಾಕಿ ಹಿಂದಕ್ಕೆ ನುಗ್ಗಿದಳು.

ಹೊಂಚ ಕಿರುಚುತ್ತ ಹೊರಗೆ ಬಂದು ಬಿದ್ದ. ಎರಡು ಮುಳ್ಳು ಕಣ್ಣಿಗೆ ಹೊಕ್ಕಿದ್ದವು. ಐದಾರು ಮೂಗನ್ನು ಸೀಳಿದ್ದವು.

"ಒಳಗಿದೆ, ಮರಿ ಒಳಗಿದೆ" ಎಂದ.

"ನೋಡಿದೆಯಾ?"

"ಕತ್ತಲಿತ್ತು. ಆದರೆ ವಾಸನೆ ಬಂತು."

ಮುಖಂಡ ತೋಳ ಹತ್ತಿರ ಬಂದು ಅವನ ಮುಖವನ್ನು ಮೂಸಿತು. "ವಾಸನೆ ನಿನ್ನ ಬಾಯಿಂದಲೇ ಬರುತ್ತಿದೆ. ನಿನ್ನೆ ತಿಂದ ಪಾಲಿನದು."

ತೋಳಗಳು ಒಂದನ್ನೊಂದು ನೋಡಿಕೊಂಡವು. ಕಣ್ಣು ಹೋದ, ಮೂಗು ಹರಿದ ನರಿ ಇನ್ನು ಯಾರನ್ನೂ ಹುಡುಕಿಕೊಡಲಾರದು. ಮೈಯಲ್ಲಿ ಮಾತ್ರ ಕೊಬ್ಬು ಚೆನ್ನಾಗಿತ್ತು. ಅವನನ್ನು ಕತ್ತಿನಲ್ಲಿ ಕಚ್ಚಿ ಎಳೆದುಕೊಂಡು ಹೊರಟವು. "ನಾನು ನಿಮ್ಮವನು, ನಾನು ನಿಮ್ಮವನು" ಎನ್ನುತ್ತಲೇ ಹೊಂಚ ಹೊಳೆ ದಾಟಿದ. ಅವನೂ ತಿರುಗಿ ಬರಲಿಲ್ಲ.

ಎರಡು ಮಳೆಗಾಲ ಕಳೆದವು. ಬೇಟೆ ಬರಿದಾಗಿ, ತಮ್ಮತಮ್ಮಲ್ಲೇ ಕಚ್ಚಾಡಿ, ತೋಳಗಳ ಹಿಂಡು ಚೆದುರಿಹೋಯಿತು. ಒಂದು ಬೆಳಿಗ್ಗೆ ಸೂಜವ್ವ ಉಂಡೆಯನ್ನು ಹೊರಗೆ ಕರೆತಂದಳು. ಬಿಸಿಲಿಗೆ ಅದು ಕಣ್ಣು ಬಿಡಲಾರದೆ ಅವಳ ಹೊಟ್ಟೆಯಡಿ ಮುಖ ಮುಚ್ಚಿಕೊಂಡಿತು. ಅಂದು ಹೊಳೆಯ ದಡಕ್ಕೆ ಇನ್ನೂ ಎಂಟು ಚಿಪ್ಪುಹಂದಿಗಳು ಬಂದವು. ಒಂದು ಕರಡಿಯ ಗುಹೆಯಿಂದ, ಎರಡು ನೀರುನಾಯಿಯ ಮನೆಯಿಂದ, ಒಂದು ಕುರುಡು ಕಾಡುಹಂದಿಯ ಪೊದೆಯಿಂದ, ಉಳಿದವು ಬೇರೆ ಬೇರೆ ಬಿಲಗಳಿಂದ. ಹೀಗೆ ಬಚ್ಚಿಟ್ಟವರಲ್ಲಿ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಲ್ಲ. ನೂರಾರಿದ್ದ ಕುಲದಲ್ಲಿ ಉಳಿದದ್ದು ಒಂಬತ್ತು.

ಜಿಂಕೆಯೊಂದು ಹತ್ತಿರ ಬಂದು, "ಅಯ್ಯೋ, ಇಷ್ಟೆಲ್ಲ ನಡೆದದ್ದು ನಮಗೆ ಗೊತ್ತೇ ಇರಲಿಲ್ಲ ಸೂಜವ್ವ" ಎಂದಿತು.

"ಗೊತ್ತಿತ್ತು ಕಣಪ್ಪ" ಎಂದಳು ಸೂಜವ್ವ. "ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಚಿಪ್ಪು ನೋಡಿ ನೀರು ಕುಡಿದು ಹೋದವರಲ್ಲಿ ನಾನೂ ಒಬ್ಬಳು."

ಸೂಜವ್ವ ಉಂಡೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರ ತಾಯಿ ಯಾರು, ಏನು ಮಾಡಿದಳು ಎಂಬುದನ್ನು ಮೊದಲಿನಿಂದ ಹೇಳತೊಡಗಿದಳು. ಹುಲ್ಲಪ್ಪ ತನ್ನ ಏಳು ಮಕ್ಕಳನ್ನು ಕರೆತಂದು, ಅವರಿಗೂ ಕೇಳಿಸುವಷ್ಟು ಹತ್ತಿರ ಕೂರಿಸಿದ.

ನೀತಿ: ಅನ್ಯಾಯಕ್ಕೆ ಸಿಕ್ಕವರಿಗೆ ಬಾಗಿಲು ತೆರೆಯಲು ಶೂರರಾಗಬೇಕಿಲ್ಲ, ಹೆದರುತ್ತಲೇ ತೆರೆದರೂ ಒಂದು ಜೀವ ಉಳಿಯುತ್ತದೆ. ಪರರ ಪ್ರಾಣ ಮಾರಿ ಬದುಕುವವನನ್ನು ಅವನ ಒಡೆಯರೇ ಕೊನೆಗೆ ಬಿಡುವುದಿಲ್ಲ.