ಚಿಟಿಕೆ ರಾಗಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಸಿಸ್ಟರ್ ಬೆನಿಗ್ನಾ. ಕನ್ಯಾಮಠಕ್ಕೆ ಸೇರಿದ ಹೊಸತರಲ್ಲಿ, ಇನ್ನೂ ಹುಡುಗಿಯಾಗಿದ್ದಾಗ, ಅವರು ತಮ್ಮ ಗುರು ಫಾದರ್ ರಾಯಪ್ಪನವರನ್ನು ಹೀಗೆ ಕೇಳಿದ್ದರಂತೆ:

"ಸ್ವಾಮಿ, ಬೆಳಿಗ್ಗೆ ನೀವು ನೀತಿಯ ಪಾಠ ಮಾಡುತ್ತೀರಿ. ಯಾವುದು ಪಾಪ, ಯಾವುದು ಅಲ್ಲ, ಯಾವುದು ಎಷ್ಟು ದೊಡ್ಡ ಪಾಪ. ಆ ದೇವರನ್ನು ನೆನೆದರೆ ನನಗೆ ಹೆದರಿಕೆಯಾಗುತ್ತದೆ. ಸಂಜೆ ಧ್ಯಾನ ಕಲಿಸುತ್ತೀರಿ. ಅದೇ ದೇವರ ಮಡಿಲಲ್ಲಿ ತಲೆಯಿಡು ಎನ್ನುತ್ತೀರಿ. ಎರಡರಲ್ಲಿ ಒಂದನ್ನು ಬಿಟ್ಟರೆ ಆಗದೇ?"

ಹುಡುಗಿ ಮೂರು ಶನಿವಾರಗಳಿಂದ, ಗುರುಗಳ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಬಂದಿಲ್ಲವೆಂದು ಗುರುಗಳಿಗೆ ಗೊತ್ತಿತ್ತು. ಆ ಮಾತನ್ನು ಅವರು ಎತ್ತಲಿಲ್ಲ. ಕತೆ ಹೇಳಿದರು.

ಒಂದೂರಿನ ಚರ್ಚಿಗೆ ಒಬ್ಬ ವಿಧವೆ ಪೂಜೆಯ ರೊಟ್ಟಿ ಮಾಡಿಕೊಡುತ್ತಿದ್ದಳು. ಬರೀ ಗೋಧಿಹಿಟ್ಟು ಮತ್ತು ನೀರು; ಉಪ್ಪು ಕೂಡ ಇಲ್ಲ. ಕಬ್ಬಿಣದ ಅಚ್ಚಿನಲ್ಲಿ ಒತ್ತಿ ಸುಟ್ಟರೆ ಕಾಗದದಷ್ಟು ತೆಳ್ಳಗೆ ಬರುತ್ತಿತ್ತು. ಪೂಜೆಯಲ್ಲಿ ಕ್ರಿಸ್ತನ ದೇಹವಾಗುವ ರೊಟ್ಟಿ. ಅದಕ್ಕೆ ಬೇರೆ ಹಿಟ್ಟು ಬೆರೆಸುವುದು ಪಾಪ ಎಂದು ಮೊದಲ ದಿನವೇ ಅವಳಿಗೆ ಹೇಳಿದ್ದರು. ಅಷ್ಟನ್ನೇ ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಗಿರಣಿಗೆ ಹೋದಾಗಲೆಲ್ಲ ಕಲ್ಲು ನಿಲ್ಲಿಸಿ ಒರೆಸಿಸುವಳು. ಮೊದಲು ಬಿದ್ದ ಹಿಟ್ಟನ್ನು ಮನೆಯ ಅಡುಗೆಗೆಂದು ಬೇರೆ ತೆಗೆದಿಡುವಳು.

ಒಂದು ಶುಕ್ರವಾರ ಅವಳ ಅತ್ತೆಗೆ ಕಾಯಿಲೆ ಜೋರಾಗಿತ್ತು. ಅವಳಿಗೆ ಮನೆಗೆ ಓಡುವ ಆತುರ.

"ಅಕ್ಕಾ, ಈಗಷ್ಟೇ ರಾಗಿ ಮುಗೀತು. ಒರೆಸ್ತೀನಿ, ತಡಿ," ಎಂದ ಗಿರಣಿಯವನು.

"ನೀನು ಒರೆಸೋ ಚಂದ ನೋಡ್ತಾ ಕೂತ್ರೆ ಅಲ್ಲಿ ಮುದುಕಿ ಹೊರಟೇ ಹೋಗ್ತಾಳೆ. ಹಾಕಪ್ಪಾ ಸುಮ್ನೆ!"

ಭಾನುವಾರ ಪೂಜೆಯಲ್ಲಿ ಊರಿನ ಗುರುಗಳು ರೊಟ್ಟಿಯನ್ನು ಮೇಲೆತ್ತಿದರು. ಎಲ್ಲರೂ ಮೊಣಕಾಲೂರಿದ್ದರು. ಮುಂದಿನ ಸಾಲಿನಲ್ಲಿದ್ದ ಅವಳಿಗೆ ರೊಟ್ಟಿಯ ಮೇಲೆ ಒಂದು ಕಂದು ಚುಕ್ಕೆ ಕಾಣಿಸಿತು. ರಾಗಿ. ಹಾಗಾದರೆ ಇದು ಕ್ರಿಸ್ತನ ದೇಹವಲ್ಲ, ಬರೀ ರೊಟ್ಟಿಯೇ? ಊರಿಗೆ ಊರೇ ಬರೀ ರೊಟ್ಟಿಗೆ ಕೈಮುಗಿಯುತ್ತಿದೆಯೇ?

ಪೂಜೆ ಮುಗಿಸಿ ಗುರುಗಳು ಅದೇ ಪ್ರಸಾದವನ್ನು ಅವಳ ಅತ್ತೆಗೆ ತಂದು ಕೊಟ್ಟರು. ಅವಳು ಬಾಗಿಲಲ್ಲಿ ನಿಂತು ನೋಡಿದಳು, ತುಟಿ ಬಿಚ್ಚಲಿಲ್ಲ. ಮುದುಕಿ ಅದನ್ನು ನುಂಗಿ, ಸಂಜೆಗೆ ಸಮಾಧಾನದಿಂದ ಕಣ್ಣು ಮುಚ್ಚಿದಳು.

ಅಂದಿನಿಂದ ಹೆದರಿಕೆ ಅವಳ ಮನೆಯಲ್ಲೇ ಬಿಡಾರ ಹೂಡಿತು. ಅತ್ತೆಯನ್ನು ನಿಜವಾದ ಪ್ರಸಾದವಿಲ್ಲದೆ ಬರಿಬಾಯಲ್ಲಿ ಕಳಿಸಿಬಿಟ್ಟೆನಲ್ಲ. ಹೇಳಿದರೆ ಊರು ಏನೆನ್ನುತ್ತದೆ? ದೇವರು ಏನು ಮಾಡುತ್ತಾನೆ? ಗಿರಣಿ ಬಿಟ್ಟು ಮನೆಯಲ್ಲೇ ಬೀಸುಕಲ್ಲು ಇಟ್ಟುಕೊಂಡಳು. ಗೋಧಿಯನ್ನು ಕಾಳುಕಾಳಾಗಿ ಆರಿಸಿದಳು. ರೊಟ್ಟಿ ಹಾಲಿನಂತೆ ಬೆಳ್ಳಗಾಯಿತು. ಬೇರೆ ಊರಿನ ಚರ್ಚಿನವರೂ ಕೇಳಿಕೊಂಡು ಬಂದರು. ಅವಳು ಮಾತ್ರ ಅದನ್ನು ನಾಲಿಗೆಗೆ ತೆಗೆದುಕೊಳ್ಳಲಿಲ್ಲ. ಪಾಪನಿವೇದನೆಯ ಸಾಲು ಕಂಡರೆ ಹಿಂದಿನ ಬಾಗಿಲಿನಿಂದ ಹೊರಬೀಳುವಳು. ಜಪಸರ ಹಿಡಿದರೆ 'ತಂದೆಯೇ' ಎಂಬಲ್ಲಿಗೆ ಅದನ್ನು ಕೆಳಗಿಡುವಳು. ಹೀಗೆ ಏಳು ವರ್ಷ.

ಎಂಟನೆಯ ವರ್ಷ ಅವಳೇ ಹಾಸಿಗೆ ಹಿಡಿದಳು. ಗುರುಗಳು ಪ್ರಸಾದ ತಂದರು. ಅವಳು ಗೋಡೆಯ ಕಡೆ ಹೊರಳಿಕೊಂಡಳು. ಹಾಗೆ ಮುಖ ಮರೆಸಿಕೊಂಡೇ ಎಲ್ಲವನ್ನೂ ಹೇಳಿಬಿಟ್ಟಳು.

"ರಾಗಿ ಎಷ್ಟಿತ್ತಮ್ಮ?"

"ಒಂದು ಚಿಟಿಕೆ ಇದ್ದೀತು, ಸ್ವಾಮಿ."

"ಆತುರ ಮಾಡಿದ್ದು ತಪ್ಪು, ಸಣ್ಣದು. ಚಿಟಿಕೆ ರಾಗಿಯಿಂದ ಏನೂ ಕೆಡಲಿಲ್ಲ, ಗೋಧಿರೊಟ್ಟಿ ಗೋಧಿರೊಟ್ಟಿಯೇ. ನಿಮ್ಮತ್ತೆ ಸ್ವೀಕರಿಸಿದ್ದು ಕ್ರಿಸ್ತನನ್ನೇ. ಇದೆಲ್ಲ ನೀತಿಯ ಪುಸ್ತಕದಲ್ಲೇ ಇದೆಯಲ್ಲ ತಾಯಿ. ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ."

"ಕೇಳೋಕೇ ಹೆದರಿಕೆ ಆಯ್ತು," ಎಂದಳು ಅವಳು.

ಫಾದರ್ ರಾಯಪ್ಪ ಕತೆ ನಿಲ್ಲಿಸಿದರು. ಹುಡುಗಿ ಗೆದ್ದವಳಂತೆ ತಲೆಯೆತ್ತಿದಳು. "ನೋಡಿದಿರಾ ಸ್ವಾಮಿ! ಅವಳನ್ನು ಹಣ್ಣುಮಾಡಿದ್ದು ಆ ನಿಯಮ. ಪ್ರೀತಿಯೊಂದಿದ್ದರೆ ಸಾಕಿತ್ತು."

"ಪ್ರೀತಿ ಇದ್ದಿದ್ದರೆ ಅವಳು ಆ ಭಾನುವಾರವೇ ಓಡಿಬಂದು ನಿಯಮವೇನೆಂದು ಕೇಳುತ್ತಿದ್ದಳು," ಎಂದರು ಗುರುಗಳು.

ಹುಡುಗಿ ಎದ್ದು ಪಾಪನಿವೇದನೆಯ ಸಾಲಿಗೆ ಹೋಗಿ ನಿಂತಳು. ಅಂದು ಶನಿವಾರ.

ಸಿಸ್ಟರ್ ಬೆನಿಗ್ನಾ ನನಗೆ ಇದನ್ನು ಹೇಳಿದ್ದು ಚರ್ಚಿನ ಹಿಂದಿನ ಬಾಗಿಲ ಬಳಿ, ಸಾಲು ಕಂಡು ನಾನು ಹೊರಬೀಳುತ್ತಿದ್ದಾಗ. ನೀವೂ ಅಲ್ಲಿ ಯಾರನ್ನಾದರೂ ಕಂಡರೆ, ತಡೆದು ನಿಲ್ಲಿಸಿ ಹೇಳಿ.